ಪುರ್ಸು ತಾಂಡೇಲರ ಎಡಗಣ್ಣು

ಕಾರವಾರದ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ
ನನ್ನೆದುರು ಗದ್ದ ಚಾಚಿ ಕೂತಿದ್ದಾರೆ
ಬೈತಕೋಲದ ಪುರ್ಸು ತಾಂಡೇಲ.
ಅಂಗಿಯ ಕಿಸೆಯಲ್ಲಿ ಬಲೆ ಸೂಜಿ,
ಮೈಗೆಲ್ಲ ಡೀಸೆಲ್ಲು, ತಾರ್ಲೆಯ ವಾಸನೆ.

ಬಲಗಣ್ಣು ಒಂಬತ್ತನೇ ವಯಸ್ಸಿಗೇ ಗಾಳದ ಕೊಕ್ಕೆಗೆ ಹೋಯಿತು.
ಎಡಗಣ್ಣು ಅಷ್ಟು ಅವಸರ ಮಾಡಲಿಲ್ಲ.
ಮೊದಲು ಆರಿದ್ದು ದೇವಗಡದ ದೀಪಸ್ತಂಭ
(‘ಸರಕಾರದವ್ರು ದೀಪ ಹಚ್ಚೋದು ಬಿಟ್ರು ಅಂದ್ಕೊಂಡಿದ್ದೆ’)
ಆಮೇಲೆ ಚುಕ್ಕಿ, ಆಮೇಲೆ ಪಕ್ಕದ ದೋಣಿ,
ಆಮೇಲೆ ತಟ್ಟೆಯ ಅಂಚಿನ ಉಪ್ಪಿನಕಾಯಿ.
ಕೊನೆಗೆ ಕೊಳವೆಯಲ್ಲಿ ಇಣುಕಿದಂತೆ ಉಳಿದದ್ದು
ಹೆಂಡತಿಯ ಮೂಗುತಿ.
ಅದೂ ಹೋಗಿ ಹದಿನಾರು ವರ್ಷ.

ಈಗಿರುವುದು ನೋವು. ವಾರಕ್ಕೆರಡು ಸಲ ಒತ್ತಡ ಏರಿ
ಗುಡ್ಡೆ ಕಲ್ಲಾಗುತ್ತದೆ.
ತೆಗೆದುಬಿಡೋಣ, ಅಂದಿದ್ದಾರೆ ಡಾಕ್ಟರು,
ಕಾಣದ ಕಣ್ಣು ಇಟ್ಟುಕೊಂಡು ಏನು?
ಚೀಟಿಯಲ್ಲಿ ನಾನೇ ಬರೆದಿದ್ದೇನೆ,
ಬೆಳಕಿನ ಅರಿವು: ಇಲ್ಲ.

‘ಬೇಡ ಬಾಯೋರೆ. ಅದ್ರೊಳಗೆ ನನ್ನ ಬೆಳಗು ಅದೆ.’

ಇಂಥದ್ದು ದಿನಾ ಕೇಳುತ್ತೇನೆ, ತಲೆಯಾಡಿಸುತ್ತೇನೆ.
ಅವರು ಮಾಬ್ಲುವಿನ ಸುದ್ದಿ ತೆಗೆದರು.
ಚಿಕ್ಕಪ್ಪನ ಮಗ. ಕಾಳಿಯ ಅಳಿವೆಯಲ್ಲಿ
ಮೀನಿಗೆಸೆಯುವ ತೋಟೆ ಕೈಯಲ್ಲೇ ಸಿಡಿದು
ಎರಡೂ ಕಣ್ಣು ಗುಳಿ.
ಅಂದಿನಿಂದ ಅವನ ಹಗಲು ಲಂಗರು ಕಿತ್ತುಕೊಂಡಿತು.
ಇವತ್ತು ಹತ್ತಕ್ಕೆ ನಿದ್ದೆ, ನಾಳೆ ಹತ್ತೂವರೆಗೆ, ನಾಡಿದ್ದು ಹನ್ನೊಂದಕ್ಕೆ,
ತಿಂಗಳು ತುಂಬುವುದರೊಳಗೆ
ನಡುರಾತ್ರಿ ಎದ್ದು ಗಂಜಿ ಕೇಳುವವ,
ಮಟಮಟ ಮಧ್ಯಾಹ್ನ ಗೊರಕೆ.
‘ನಮ್ಗೆಲ್ಲ ಸೂರ್ಯನ ದಿನ, ಅವ್ನಿಗೆ ಭರತಿಯ ದಿನ.
ಚಂದ್ರ ಎಳೆದ ಹಾಗೆ ದಿನಾ ಇಷ್ಟಿಷ್ಟು ತಡ.
ನಾನೂ ಕುರುಡನೇ. ಆದ್ರೆ ಬೋಟು ಬಂದು ಹತ್ತುವ ಹೊತ್ತಿಗೆ
ನಾನು ಏಳದ ದಿನ ಇಲ್ಲ.’

ಬಾಗಿಲಿಕ್ಕಿ, ಮಂಕು ಕೆಂಪು ಬುಡ್ಡಿಯೊಂದನ್ನು ಬಿಟ್ಟು ಎಲ್ಲ ಆರಿಸಿ
ನೀಲಿ ದೀಪ ಹಿಡಿದೆ.
ಪಾಪೆ ಅಲುಗಲಿಲ್ಲ.
ಒಂದು. ಎರಡು.
ಆಮೇಲೆ, ಒಳಗಿನಿಂದ ಯಾರೋ ಬಲೆಯ ಹಗ್ಗ ಜಗ್ಗಿದಂತೆ,
ಮೆಲ್ಲ, ತೀರಾ ಮೆಲ್ಲ, ಮುದುಡಿತು.
ನೀಲಿ ಆರಿಸಿದೆ. ಮುದುಡಿಯೇ ಇತ್ತು.
ಮೂವತ್ತು ಎಣಿಸಿದೆ, ಇನ್ನೂ ಮುದುಡಿಯೇ.
‘ಏನಾದ್ರೂ ಕಂಡಿತಾ?’
‘ಇಲ್ಲಪ್ಪ. ದೀಪ ಹಚ್ಚಿದ್ರಾ?’

ಓದಿದ್ದೆ ಎಂದೋ, ಎರಡು ಅಂಕದ ಪ್ರಶ್ನೆಗೆ:
ದಂಡವೂ ಅಲ್ಲದ ಶಂಕುವೂ ಅಲ್ಲದ ಮೂರನೆಯ ಕೋಶಗಳು.
ಅಕ್ಷಿಪಟಲದ ಬೇರೆಯೇ ಪದರಲ್ಲಿ, ತೀರಾ ಕೆಲವು,
ಕೈ ಚಾಚಿ ಬಲೆಯಾಗಿ ಹರಡಿಕೊಂಡವು.
ಅವಕ್ಕೆ ಮುಖ ಬೇಡ, ಅಕ್ಷರ ಬೇಡ, ಮೂಗುತಿ ಬೇಡ.
ಬೆಳಕು ಎಷ್ಟು ಎಂಬುದಷ್ಟೇ ಲೆಕ್ಕ,
ಬಾಂಗಡೆಯೋ ಪಾಪ್ಲೆಟ್ಟೋ ಕೇಳದೆ
ಬುಟ್ಟಿ ತೂಗುವವನ ಹಾಗೆ.
ಅವುಗಳ ಬಣ್ಣ ಮೊದಲು ಸಿಕ್ಕಿದ್ದು ಕಣ್ಣಲ್ಲೂ ಅಲ್ಲ,
ಒಂದು ಕಪ್ಪೆಯ ತೊಗಲಿನಲ್ಲಂತೆ.
ನೀಲಿಗೆ ಬೇಗ ಒಲಿಯುತ್ತವಂತೆ.

ನನ್ನಲ್ಲೂ ಇವೆ. ರಾತ್ರಿ ಒಂದಕ್ಕೆ ಹೊದಿಕೆಯೊಳಗೆ ಮೊಬೈಲು ಹಿಡಿದು
ಅವಕ್ಕೆ ಸುಳ್ಳು ಬೆಳಗು ತೋರಿಸುತ್ತೇನೆ,
ಮತ್ತೆ ನಿದ್ದೆಯಿಲ್ಲವೆಂದು ಎಲ್ಲರಲ್ಲಿ ದೂರುತ್ತೇನೆ.

ಚೀಟಿಯಲ್ಲಿ ಇದಕ್ಕೆ ಜಾಗವಿಲ್ಲ.
‘ಇಲ್ಲ’ವನ್ನು ಹೊಡೆದುಹಾಕುವಂತಿಲ್ಲ, ಅದೂ ನಿಜವೇ.
ಅಂಚಿನಲ್ಲಿ ಗೀಚಿದೆ: ತೆಗೆಯುವ ಮುನ್ನ ನನ್ನನ್ನು ಕರೆಯಿರಿ.
ಡಾಕ್ಟರು ಓದಿ, ಹುಬ್ಬೇರಿಸಿ, ನೋವಿಗೆ ಹನಿ ಬರೆದರು.
ಒಂದು ತಿಂಗಳು ನೋಡೋಣ.

ಹೊರಗೆ ಹನ್ನೊಂದರ ಬಿಸಿಲು.
ಮೊಮ್ಮಗಳು ಆಟೋ ಕರೆಯಲು ಹೋಗಿದ್ದಾಳೆ.
ತಾಂಡೇಲರು ಮೆಟ್ಟಿಲ ಮೇಲೆ ನಿಂತು
ಕಪ್ಪು ಕನ್ನಡಕ ತೆಗೆದು ಕಿಸೆಯಲ್ಲಿಟ್ಟು
ಮುಖವೆತ್ತಿ ಹಾಗೇ ಸ್ವಲ್ಪ ಹೊತ್ತು,
ಧಕ್ಕೆಯಲ್ಲಿ ಡೀಸೆಲ್ಲು ತುಂಬಿಸಿಕೊಳ್ಳಲು
ನಿಂತ ದೋಣಿಯಂತೆ.